ಮುಖ ನೋಡಿ ಮಣೆ ಹಾಕೋ ಮಷಿನ್ (ಭಾಗ 6)

ನಮ್ಮ ಬೆಳಗಾವಿ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಫೈನಲ್ ಇಯರ್ ಪ್ರಾಜೆಕ್ಟ್ ಏನು ಅಂತ ಕೇಳಿ ನೋಡ್ರಿ. ಒಂದಾದ್ರೂ ಟೀಮು ‘ಫೇಸ್ ರೆಕಗ್ನಿಷನ್ ಅಟೆಂಡೆನ್ಸ್’ ಅಂತ ಹೇಳೇ ಹೇಳ್ತದ. ರಿಪೋರ್ಟಿನಲ್ಲಿ ಆಕ್ಯುರೆಸಿ 98 ಪರ್ಸೆಂಟ್. ವೈವಾ ಮುಗೀತು, ಮಾರ್ಕ್ಸ್ ಬಂತು. ನಾನು ಹೇಳೋದು ಇಷ್ಟೇ: ಯಾರ ಮುಖ, ಯಾವ ಬೆಳಕು, ಯಾವ ಫೋನು ಅಂತ ಹೇಳದ 98 ಪರ್ಸೆಂಟ್ ಅರ್ಧ ಸತ್ಯ. ಉಳಿದರ್ಧ ನೋಡಬೇಕಂದ್ರೆ ಖಾನಾಪುರಕ್ಕೆ ಹೋಗಬೇಕು.

ಮೊದಲು ಮಷಿನ್ ಏನು ಮಾಡ್ತದ ನೋಡೋಣ. ಅದು ಮುಖವನ್ನು ಅಂಕಿಗಳ ಸಾಲು ಮಾಡುತ್ತದೆ. 2015ರಲ್ಲಿ ಗೂಗಲ್‌ನ ಫೇಸ್‌ನೆಟ್ ಒಂದು ಮುಖವನ್ನು 128 ಅಂಕಿಗೆ ಇಳಿಸಿತು. ಹಳೇ ಸಾಲಿಗೂ ಹೊಸ ಸಾಲಿಗೂ ಅಂತರ ಕಡಿಮೆ ಇದ್ದರೆ ‘ಇವರೇ’, ಜಾಸ್ತಿ ಇದ್ದರೆ ‘ಇವರಲ್ಲ’. ಎಷ್ಟು ಅಂತರ ಸಾಕು ಅನ್ನೋ ಗೆರೆ ಎಳೆಯೋರು ಮನುಷ್ಯರು. ಗೆರೆ ಬಿಗಿ ಮಾಡಿದ್ರೆ ನಿಜವಾದವರೂ ಹೊರಗೆ, ಸಡಿಲ ಬಿಟ್ರೆ ಬೇರೆಯವರೂ ಒಳಗೆ.

ಫೇಸ್‌ನೆಟ್ 99.63 ಪರ್ಸೆಂಟ್ ತೆಗೆದದ್ದು ಎಲ್‌ಎಫ್‌ಡಬ್ಲ್ಯು ಅನ್ನೋ ಫೋಟೊ ಸಂಗ್ರಹದ ಮೇಲೆ. ಅದು ಸುದ್ದಿ ಫೋಟೊಗಳಿಂದ ಆರಿಸಿದ್ದು. ಒಂದು ಅಂದಾಜಿನ ಪ್ರಕಾರ ಅದರಲ್ಲಿ ಶೇ 77.5 ಗಂಡಸರು, ಶೇ 83.5 ಬಿಳಿಯರು. ಪರೀಕ್ಷೆ ಅಲ್ಲಿ, ಕೆಲಸ ಇಲ್ಲಿ.

ಈಗ ಖಾನಾಪುರಕ್ಕೆ ಬರ್ರಿ. ಅಂಗನವಾಡಿಯಿಂದ ಮನೆಗೆ ಒಯ್ಯುವ ಪೌಷ್ಟಿಕ ಆಹಾರಕ್ಕೆ ಕೇಂದ್ರ ಸರ್ಕಾರ 2025ರ ಜುಲೈ 1ರಿಂದ ಪೋಷಣ್ ಟ್ರ್ಯಾಕರ್ ಆ್ಯಪಿನಲ್ಲಿ ಮುಖ ಗುರುತು ಕಡ್ಡಾಯ ಮಾಡಿದೆ. ತಾಲ್ಲೂಕಿನ ಪಶ್ಚಿಮ ಅಂಚು ದಟ್ಟ ಕಾಡು. ಭೀಮಗಡ ಅಭಯಾರಣ್ಯದ ಒಳಗಿನ ಗವಾಳಿ, ಕೊಂಗಳಾ, ಆಮಗಾವ್‌ನಂಥ ಊರುಗಳಿಗೆ ಮಳೆಗಾಲದಲ್ಲಿ ದಾರಿಯೇ ಕಷ್ಟ, ನೆಟ್‌ವರ್ಕ್ ಆಮೇಲಿನ ಮಾತು. ಮೋಡ ಕವಿದು ಮಧ್ಯಾಹ್ನವೇ ಕತ್ತಲೆ, ತಲೆ ಮೇಲೆ ಸೆರಗು, ಆಧಾರ್‌ನಲ್ಲಿ ಹಳೇ ಫೋಟೊ, ಬಾಣಂತನದಲ್ಲಿ ಸೊರಗಿದ ಮುಖ. ಇಂಥಲ್ಲಿ ಕಾರ್ಯಕರ್ತೆ ಆ ತಾಯಿಯನ್ನ ಹೆಸರು ಹಿಡಿದು ಕರೀತಾಳ, ಫೋನು ಮಾತ್ರ ‘ಇವರಲ್ಲ’ ಅಂದುಬಿಡಬಹುದು. ಈ ವ್ಯವಸ್ಥೆ ಬೇಡ ಅಂತ ಅಂಗನವಾಡಿಯವರು ಹೋರಾಟಗಳಲ್ಲಿ ಕೂಗಿದ್ದು ಸುಮ್ಮನೆ ಅಲ್ಲ.

ಲೆಕ್ಕ ಹಾಕ್ರಿ. 99 ಪರ್ಸೆಂಟ್ ಸರಿ ಅಂದ್ರೂ ಲಕ್ಷ ಸಲಕ್ಕೆ ಸಾವಿರ ಸಲ ತಪ್ಪು. ಆ ಸಾವಿರ ಎಲ್ಲರಿಗೂ ಸಮನಾಗಿ ಹಂಚಿಹೋಗಲ್ಲ. ಬೆಳಕು ಕಡಿಮೆ, ಫೋನು ಅಗ್ಗ ಇರೋ ಕಡೆಗೇ ಗುಂಪುಗುಂಪಾಗಿ ಬೀಳ್ತದ.

ಟೆಕ್ನಾಲಜಿನೇ ಬೇಡ ಅನ್ನೋದು ನನ್ನ ವಾದ ಅಲ್ಲ. ಸುಳ್ಳು ಹೆಸರಿನಲ್ಲಿ ಆಹಾರ ಹೋಗಬಾರದು ಅನ್ನೋ ಚಿಂತೆ ಸರಿನೇ. ಆದ್ರೆ ಕಳ್ಳನಿಗೆ ಹಾಕಿದ ಬೇಲಿ ಕೂಸಿನ ತುತ್ತು ತಡೀಬಾರದು. ಸುಧಾರಿಸೋ ದಾರಿ ಇವೆ:

1. ಹೋಲಿಕೆ ಫೋನಿನಲ್ಲೇ ನಡೀಲಿ. 2018ರ ಮೊಬೈಲ್‌ಫೇಸ್‌ನೆಟ್ ಮಾದರಿ ಬರೀ 4 ಎಂಬಿ, ನೀವು ನೋಡೋ ರೀಲ್‌ಗಿಂತ ಹಗುರ ಇರಬಹುದು. ಸಿಗ್ನಲ್ ಸಿಕ್ಕಾಗ ಲೆಕ್ಕ ಕಳಿಸಿದ್ರಾಯ್ತು.

2. ಫೋಟೊ ಮಸುಕಾಗಿದ್ರೆ ‘ಇವರಲ್ಲ’ ಅನ್ನೋ ಬದಲು ‘ಬಾಗಿಲ ಹತ್ತಿರ ಬನ್ನಿ’ ಅಂತ ಕನ್ನಡದಲ್ಲೂ ಮರಾಠಿಯಲ್ಲೂ ಹೇಳಲಿ.

3. ಒಂದೇ ಹಳೇ ಫೋಟೊ ಸಾಲದು. ಒಪ್ಪಿಗೆ ಪಡೆದು ಬೇರೆ ಬೇರೆ ಬೆಳಕಿನ ನಾಲ್ಕೈದು ಇರಲಿ.

4. ಎರಡು ತಪ್ಪನ್ನೂ ಬೇರೆ ಬೇರೆ ಎಣಿಸ್ರಿ: ಬೇಡದವರು ಒಳಗೆ ಬಂದದ್ದೆಷ್ಟು, ಬೇಕಾದವರು ಹೊರಗುಳಿದದ್ದೆಷ್ಟು.

5. ಮೂರು ಸಲ ಆಗದಿದ್ರೆ ಕೊನೇ ಮಾತು ಕಾರ್ಯಕರ್ತೆಯದ್ದು. ಆಹಾರ ಕೊಟ್ಟು, ಕಾರಣ ಬರೆದಿಡಲಿ. ತಪ್ಪು ಮಷಿನ್ ಖಾತೆಗೆ, ತಾಯಿ ಖಾತೆಗಲ್ಲ.

ಈ ವರ್ಷ ಇದೇ ಪ್ರಾಜೆಕ್ಟ್ ಮಾಡೋರಿಗೆ ಒಂದು ಮಾತು. ಟ್ಯೂಬ್‌ಲೈಟ್ ಕೆಳಗಿನ ಕ್ಲಾಸ್‌ಮೇಟ್‌ಗಳನ್ನ ಬಿಟ್ಟು ಹೊರಗೆ ಟೆಸ್ಟ್ ಮಾಡ್ರಿ. ಜನರ ಒಪ್ಪಿಗೆ ಕೇಳ್ರಿ, ಕೆಲಸ ಮುಗಿದ ಮೇಲೆ ಫೋಟೊ ಅಳಿಸ್ರಿ. ಆಕ್ಯುರೆಸಿ 98ರಿಂದ 85ಕ್ಕೆ ಇಳಿದ್ರೂ ಮುಚ್ಚಿಡಬೇಡ್ರಿ, ಹಂಗೇ ಬರೀರಿ. ಯಾಕೆ ಇಳೀತು ಅಂತ ಹುಡುಕೋದೇ ನಿಜವಾದ ಪ್ರಾಜೆಕ್ಟ್.

ನಿಮ್ಮೂರ ಅಂಗನವಾಡಿಯಾಗ ಇದು ಹೆಂಗ ನಡದದ? ಕೇಳ್ಕೊಂಡು ಬಂದು ಕಮೆಂಟ್ ಹಾಕ್ರಿ.

#ಬೆಳಗಾವಿ #ಖಾನಾಪುರ #ಮುಖಗುರುತು #ಅಂಗನವಾಡಿ #ಫೈನಲ್‌ಇಯರ್