ನೂಲಿನ ನಂಟು

ಐರಿಷ್ ಭಾಷೆಯಲ್ಲಿ ನೂಲಿಗೆ ‘ಸ್ನಾಹ್’ ಎಂದು ಹೆಸರು. ಅದರ ಒಂಟಿ ಎಳೆಗೆ ‘ಸ್ನಾಹೆ’. ನೂಲು ಬೇರೆ, ಎಳೆ ಬೇರೆ ಎಂಬ ವಿವೇಚನೆ ನಮ್ಮಲ್ಲಿರುವಂತೆಯೇ ಅಲ್ಲಿಯೂ ಇದೆ. ಬಾಲ್ಯದಲ್ಲಿ ಶಾಲೆಯ ಜಗಲಿಯ ಮೇಲೆ ಕುಳಿತು, ತಕಲಿ ತಿರುಗಿಸುತ್ತ ಹಂಜಿಯಿಂದ ಎಳೆ ತೆಗೆಯಲು ಹೆಣಗಿದ ನನಗೆ ಈ ಪದಗಳ ಬೆನ್ನುಹತ್ತುವ ಕುತೂಹಲ ಉಂಟಾಯಿತು.

ಇಂಡೋ-ಯುರೋಪಿಯನ್ ಮೂಲಭಾಷೆಯಲ್ಲಿ ‘ನೂಲುವುದು’ ಎಂಬರ್ಥದ ಒಂದು ಧಾತುವಿತ್ತು. ಐರಿಷಿನ ‘ಸ್ನಾಹ್’, ನೂಲುವಿಕೆಗಿರುವ ‘ಶ್ನೀವ್’, ಸೂಜಿಗಿರುವ ‘ಸ್ನಾಹಿಜ್’ ಎಲ್ಲವೂ ಆ ಬಳ್ಳಿಯ ಕಾಯಿಗಳೇ. ಇಂಗ್ಲಿಷಿನ ‘ನೀಡಲ್’ ಕೂಡ ಅದರದೇ. ಸಂಸ್ಕೃತದ ‘ಸ್ನಾಯು’ವನ್ನೂ ಪಂಡಿತರು ಇದೇ ಧಾತುವಿಗೆ ಜೋಡಿಸುತ್ತಾರೆ.

ಉಣ್ಣೆಗೆ ಐರಿಷರು ‘ಒಲನ್’ ಎನ್ನುತ್ತಾರೆ. ಅದಕ್ಕೂ ಸಂಸ್ಕೃತದ ‘ಊರ್ಣಾ’ಕ್ಕೂ ಮೂಲ ಒಂದೇ. ಊರ್ಣಾ ಪ್ರಾಕೃತದ ಹಾದಿಯಲ್ಲಿ ಸವೆದು ಕನ್ನಡದಲ್ಲಿ ‘ಉಣ್ಣೆ’ಯಾಯಿತು. ‘ನೂಲು’ ಮಾತ್ರ ಅಚ್ಚ ದ್ರಾವಿಡ. ಹೀಗೆ ನಮ್ಮ ನೂಲು ತಮಿಳಿನ ಬಂಧು, ನಮ್ಮ ಉಣ್ಣೆ ಐರಿಷಿನ ದೂರದ ನೆಂಟ! ಎರಡೂ ನಮ್ಮವೇ ಅಲ್ಲವೇ?

ಎರವಲು ಪಡೆಯುವುದು ಬಡತನವೆಂದು ವಾದಿಸುವವರಿದ್ದಾರೆ. ನಾನು ಒಪ್ಪಲಾರೆ. ರೇಷ್ಮೆ ಹೊರನಾಡಿನಿಂದ ಬಂದ ಸರಕು. ಐರಿಷರು ಅದರ ಹೆಸರನ್ನೂ ಲ್ಯಾಟಿನ್‌ನ ‘ಸೇಟ’ದಿಂದ ಪಡೆದು ‘ಶೀಡ’ ಎಂದರು. ಅದರಿಂದ ಅವರ ಭಾಷೆಗೆ ಯಾವ ಕುಂದೂ ಬರಲಿಲ್ಲ.

ಕುಂದು ಬಂದುದು ಬೇರೆಡೆಯಿಂದ. 1831ರಲ್ಲಿ ಆರಂಭವಾದ ರಾಷ್ಟ್ರೀಯ ಶಾಲೆಗಳು ಇಂಗ್ಲಿಷಿನಲ್ಲಿ ಕಲಿಸಿದವು. 1845ರಲ್ಲಿ ತೊಡಗಿದ ಮಹಾಕ್ಷಾಮದಲ್ಲಿ ಐರಿಷ್ ಆಡುತ್ತಿದ್ದ ಬಡವರು ಅಪಾರ ಸಂಖ್ಯೆಯಲ್ಲಿ ಸತ್ತರು, ವಲಸೆ ಹೋದರು. 2022ರ ಜನಗಣತಿಯಲ್ಲಿ ಐರಿಷ್ ಆಡಬಲ್ಲೆವೆಂದವರು 18 ಲಕ್ಷಕ್ಕೂ ಹೆಚ್ಚು. ಶಾಲೆಯ ಹೊರಗೆ ನಿತ್ಯವೂ ಆಡುವವರು ಸುಮಾರು 72 ಸಾವಿರ ಮಾತ್ರ. ಜೀವಮಾನವೆಲ್ಲ ಪಾಠ ಹೇಳಿದ ನನಗೆ ಈ ಅಂತರ ಚುಚ್ಚುತ್ತದೆ. ಶಾಲೆ ಭಾಷೆಯನ್ನು ಕಸಿಯಬಲ್ಲದು; ಆದರೆ ಮನೆಮಾತಾಗಿ ಹಿಂದಿರುಗಿಸುವ ಶಕ್ತಿ ಶಾಲೆಯೊಂದಕ್ಕೇ ಇಲ್ಲ.

ಹಾಸಿಗೆ ‘ಡ್ಲೂ’, ಹೊಕ್ಕಿಗೆ ‘ಇನ್ಯಖ್’ ಎಂಬ ಪದಗಳು ಐರಿಷ್ ನಿಘಂಟಿನಲ್ಲಿ ಭದ್ರವಾಗಿವೆ. ನಮ್ಮ ‘ಹಾಸುಹೊಕ್ಕು’ ಮಗ್ಗ ಕಾಣದವರ ಬಾಯಲ್ಲೂ ಇನ್ನೂ ಉಳಿದಿದೆ. ಆದರೆ ನನ್ನ ಮೊಮ್ಮಕ್ಕಳಿಗೆ ‘ಹಂಜಿ’ ಗೊತ್ತಿಲ್ಲ. ಪದದ ಕುಲ ಕೇಳುವ ನಾವು, ಅದನ್ನು ಇಂದು ಎಷ್ಟು ಮಂದಿ ಆಡಿದರೆಂದು ಮೊದಲು ಕೇಳಿಕೊಳ್ಳೋಣ. ಬಳಸದ ನೂಲು ಪೆಟ್ಟಿಗೆಯಲ್ಲೇ ಜೀರ್ಣವಾಗುತ್ತದೆ.