ಯಂತ್ರದ ತರ್ಕ, ಬಾವಿಯ ಸಾಕ್ಷ್ಯ

ಭಾಲ್ಕಿ ತಾಲ್ಲೂಕಿನ ಖಟಕ ಚಿಂಚೋಳಿಯಲ್ಲಿ ಒಂದು ಹೊಲವನ್ನು ಊಹಿಸಿಕೊಳ್ಳೋಣ. ಕೊಳವೆ ಬಾವಿಯ ಪಂಪು ಓಡುತ್ತಿದೆ; ನೀರು ಮಾತ್ರ ಮೇಲೆ ಬಾರದು. ಕಬ್ಬು ಬಾಡುತ್ತಿದೆ. ಮನೆಯ ವಿದ್ಯಾರ್ಥಿಯು ಮೊಬೈಲಿನಲ್ಲಿ ಕೃತಕ ಬುದ್ಧಿಮತ್ತೆಯನ್ನು “ನೀರೇಕೆ ಬರುತ್ತಿಲ್ಲ?” ಎಂದು ಕೇಳುತ್ತಾನೆ. “ಬಾವಿ ಬತ್ತಿರಬಹುದು” ಎಂದು ಯಂತ್ರವು ಒಡನೆಯೇ ನುಡಿಯಬಹುದು. ಅದನ್ನು ನಂಬಿ ಹೊಸ ಬಾವಿ ತೋಡಿಸಿದರೆ ಸಾಲವೊಂದೇ ಫಲವಾದೀತು.

ತಪ್ಪು ಯಂತ್ರದ್ದು ಮಾತ್ರವಲ್ಲ, ಪ್ರಶ್ನೆಯದೂ ಅಹುದು. ಈ ಯಂತ್ರವು ಹಿಂದಿನ ಮಾತುಗಳನ್ನು ಆಧರಿಸಿ ಮುಂದಿನ ಮಾತನ್ನು ರಚಿಸತಕ್ಕದ್ದು. ನಡುವಣ ಹಂತಗಳನ್ನು ಬರೆಯಿಸಿದರೆ ಅವೇ ಮುಂದಿನ ಹಂತಕ್ಕೆ ಆಧಾರವಾಗುತ್ತವೆ. 2022ರಲ್ಲಿ ಟೋಕಿಯೋ ವಿಶ್ವವಿದ್ಯಾನಿಲಯ ಹಾಗೂ ಗೂಗಲ್ ಸಂಸ್ಥೆಯ ಸಂಶೋಧಕರು, ಹಂತ ಹಂತವಾಗಿ ಆಲೋಚಿಸೋಣ ಎಂಬರ್ಥದ ಒಂದೇ ವಾಕ್ಯವನ್ನು ಪ್ರಶ್ನೆಯೊಡನೆ ಸೇರಿಸಿ ನೋಡಿದರು. ಅಂಕಗಣಿತದ ಒಂದು ಪ್ರಶ್ನಮಾಲೆಯಲ್ಲಿ ಸರಿಯುತ್ತರಗಳು ಶೇಕಡಾ 17.7ರಿಂದ 78.7ಕ್ಕೆ ಏರಿದವು! ಈಚಿನ ಕೆಲವು ಯಂತ್ರಗಳು ಹೇಳದೆಯೇ ಹೀಗೆ ಆಲೋಚಿಸುತ್ತವೆ.

ಆದರೆ ಗಣಿತದ ಲೆಕ್ಕ ಬೇರೆ, ಹೊಲದ ಪಂಪು ಬೇರೆ. ಲೆಕ್ಕಕ್ಕೆ ಬೇಕಾದುದೆಲ್ಲವೂ ಪ್ರಶ್ನೆಯಲ್ಲಿಯೇ ಇರುತ್ತದೆ. ಯಂತ್ರವೋ ಬಾವಿಯೊಳಗೆ ಇಣುಕಲಾರದು. ಮೇಲಾಗಿ, ಯಂತ್ರವು ತನ್ನ ಉತ್ತರಕ್ಕೆ ಕೊಡುವ ಕಾರಣಗಳು ಅದು ನಿಜವಾಗಿ ಹಿಡಿದ ದಾರಿಯಾಗಿರಲೇಬೇಕೆಂದಿಲ್ಲ ಎಂಬುದನ್ನು 2023ರ ಸಂಶೋಧನೆಯೊಂದು ತೋರಿಸಿಕೊಟ್ಟಿದೆ. ಆದುದರಿಂದ ಹಂತಗಳು ಅಂದವಾಗಿ ಜೋಡಿಸಿದ್ದ ಮಾತ್ರಕ್ಕೆ ಅವು ಸತ್ಯವೆನಿಸವು.

ಹಾಗಾದರೆ ಕೇಳುವ ಬಗೆ ಯಾವುದು? ಮೊದಲು ಕಂಡದ್ದನ್ನು ಕಂಡಂತೆ ತಿಳಿಸಬೇಕು. ಬಳಿಕ, “ಸಂಭವನೀಯ ಕಾರಣಗಳಾವುವು? ಒಂದೊಂದಕ್ಕೂ ಒಂದು ಸುಲಭವಾದ ಪರೀಕ್ಷೆಯನ್ನು ಹೇಳು, ಫಲಿತಾಂಶ ತಿಳಿಸುವವರೆಗೆ ಮುಂದುವರಿಯಬೇಡ” ಎನ್ನಬೇಕು. ನೀರಿನ ಮಟ್ಟವನ್ನು ಅಳೆದು ನೋಡಬಹುದು. ನೀರಿದ್ದರೆ, ಒಳಗಿನ ಪೈಪು ಬಿರಿದಿದೆಯೇ? ಲೈನು ದುರಸ್ತಿಯಾದ ಬಳಿಕ ಈ ತೊಂದರೆ ಮೊದಲಾಯಿತೇ? ಮೂರು ಫೇಸುಗಳಲ್ಲಿ ಎರಡು ಅದಲುಬದಲಾದರೆ ಮೋಟಾರು ಹಿಮ್ಮುಖವಾಗಿ ತಿರುಗಿ, ನೀರು ಅತ್ಯಲ್ಪವಾಗಿ ಬರುವುದು ಅಥವಾ ಬಾರದೆಯೇ ಇರುವುದು. ಹಾಗಿದ್ದಲ್ಲಿ ಎರಡು ತಂತಿಗಳನ್ನು ಬದಲಿಸಿದರೆ ಸಾಕು; ಬಾವಿ ತೋಡಿಸುವ ಮಾತೇ ಇಲ್ಲ. ವಿದ್ಯುತ್ತಿನ ಈ ಕೆಲಸವನ್ನು ಮಾತ್ರ ಬಲ್ಲವರಿಂದಲೇ ಮಾಡಿಸತಕ್ಕದ್ದು.

ಕಾರಣವನ್ನು ಊಹಿಸುವುದು, ಪರೀಕ್ಷಿಸುವುದು, ಸುಳ್ಳಾದುದನ್ನು ಕೈಬಿಡುವುದು: ಪ್ರಯೋಗಶಾಲೆಯಲ್ಲಿ ನಾವು ಕಲಿಯುವ ಕ್ರಮವೂ ಇದೇ. ಊಹೆಗಳನ್ನು ಒದಗಿಸಲು ಯಂತ್ರವು ನೆರವಾಗಲಿ. ತೀರ್ಪನ್ನು ಬಾವಿಗಿಳಿಸಿದ ಹಗ್ಗವೇ ಕೊಡಲಿ.