ಪರೀಕ್ಷೆಯ ತಂತ್ರಾಂಶವೂ ಮನೆಯ ಲೆಕ್ಕವೂ

ಬೂದಿಗೆರೆಯಿಂದ ವಾಚಕಿಯೊಬ್ಬರು ಬರೆದು ಕೇಳಿರುವುದೇನೆಂದರೆ: ಅವರ ಮನೆಯಲ್ಲಿ ಲಿನಕ್ಸ್ ಹಾಕಿದ ಗಣಕವೊಂದಿದ್ದು, ದ್ರಾಕ್ಷಿತೋಟದ ಕೂಲಿ, ಹಾಲಿನ ಹಣ, ಮಕ್ಕಳ ಶಾಲೆಯ ಶುಲ್ಕ ಇವೆಲ್ಲದರ ಲೆಕ್ಕವೂ ಲಿಬ್ರೆಆಫೀಸಿನಲ್ಲಿಯೇ ಇರುವುದು, ಕಾಲೇಜಿನಲ್ಲಿ ಓದುವ ಮಗನು ಅದರ ಪರೀಕ್ಷಾ ಆವೃತ್ತಿಯನ್ನು ತಂದು ಹಾಕುವೆನೆಂದು ಹಟ ಹಿಡಿದಿರುವನು, ಒಪ್ಪಬಹುದೇ, ಕೂಡದೇ? ಒಪ್ಪಬಹುದೆಂದೇ ನಮ್ಮ ಅಭಿಪ್ರಾಯ. ಆದರೆ ಹಳೆಯದನ್ನು ಕಿತ್ತು ಆ ಸ್ಥಾನದಲ್ಲಿ ಹೊಸದನ್ನು ಕೂರಿಸಲಾಗದು; ಎರಡೂ ಅಕ್ಕಪಕ್ಕದಲ್ಲಿರತಕ್ಕದ್ದು. ದೇವನಹಳ್ಳಿ ಸೀಮೆಯ ಒಕ್ಕಲಿಗನು ಹೊಸ ತಳಿಯ ರಾಗಿಯನ್ನು ಹೊಲದ ಮೂಲೆಯೊಂದರಲ್ಲಿ ಬಿತ್ತಿ ನೋಡುವನೇ ಹೊರತು, ವರುಷದ ಅನ್ನವನ್ನೆಲ್ಲ ಅದಕ್ಕೇ ಒಪ್ಪಿಸುವನೇ?

ಲಿಬ್ರೆಆಫೀಸು 2010ರ ಸೆಪ್ಟೆಂಬರಿನಲ್ಲಿ ಓಪನ್‌ಆಫೀಸಿನಿಂದ ಕವಲೊಡೆದು ಬಂದುದು. ಬರ್ಲಿನ್ ನಗರದಲ್ಲಿ ನೆಲೆಯುಳ್ಳ ಡಾಕ್ಯುಮೆಂಟ್ ಫೌಂಡೇಷನ್ ಅದನ್ನು ನೋಡಿಕೊಳ್ಳುತ್ತಿರುವುದು. ಸುಮಾರಾಗಿ ಫೆಬ್ರವರಿ, ಆಗಸ್ಟ್ ತಿಂಗಳುಗಳಲ್ಲಿ ಹೊಸ ಆವೃತ್ತಿಗಳು ಹೊರಡುವುವು. 2024ರಿಂದ ಅವುಗಳ ಸಂಖ್ಯೆಯೇ ವರ್ಷವನ್ನೂ ತಿಂಗಳನ್ನೂ ಹೇಳುವುದು. 24.8 ಎಂದರೆ 2024ರ ಆಗಸ್ಟ್. ಅದಕ್ಕೆ ಮುಂಚೆ ಆಲ್ಫಾ, ಬೀಟಾ, ಬಿಡುಗಡೆಯ ಉಮೇದುವಾರ ಎಂಬ ಮೂರು ಮಜಲುಗಳುಂಟು. ಇವುಗಳ ಭೇದವನ್ನು ಅರಿತೇ ಕೈಹಾಕಬೇಕು.

ಆಲ್ಫಾ, ಬೀಟಾಗಳು ಸಾಧುಗಳು. ಅವು ಲಿಬ್ರೆಆಫೀಸ್‌ಡೆವ್ ಎಂಬ ಬೇರೆ ಹೆಸರಿನಿಂದ ಬಂದು, ‘ಆಪ್ಟ್’ ಕೋಶದಲ್ಲಿ ಬೇರೆ ಮನೆಯನ್ನೇ ಮಾಡಿಕೊಳ್ಳುವುವು. ಬಳಸುವವರ ನಿಘಂಟು, ಏರ್ಪಾಡು ಮುಂತಾದವುಗಳಿಗೂ ಅವುಗಳದೇ ಪ್ರತ್ಯೇಕ ಸ್ಥಳವಿರುವುದು. ತೊಡಕು ಬರುವುದು ಉಮೇದುವಾರನಿಂದ. ಸಿದ್ಧವಾದದ್ದೆಂಬ ಭಾವದಿಂದ ಇದು ನಿಜವಾದ ಹೆಸರನ್ನೇ ಧರಿಸಿ, ಹಳೆಯ ಆವೃತ್ತಿಯ ಏರ್ಪಾಡುಗಳನ್ನೇ ತೆರೆದು ಬಳಸತೊಡಗುವುದು. ಆದಕಾರಣ ಅದನ್ನು ಸ್ಥಾಪಿಸದೆ, ಬರಿದೆ ಬಿಚ್ಚಿಕೊಳ್ಳುವುದು ಲೇಸು. ಉಬುಂಟು ಅಥವಾ ಡೆಬಿಯನ್ ಇರುವವರು ಡಿಪಿಕೆಜಿ ಎಂಬ ಅಪ್ಪಣೆಗೆ ಸಣ್ಣ ಎಕ್ಸ್ ಚಿಹ್ನೆಯನ್ನು ಸೇರಿಸಿ, ತಂದ ಕಟ್ಟುಗಳನ್ನೆಲ್ಲ ತಮ್ಮ ಸ್ವಂತ ಕೋಶವೊಂದರೊಳಗೆ ಬಿಚ್ಚಬಹುದು. ಅಲ್ಲಿ ‘ಪ್ರೋಗ್ರಾಮ್’ ಎಂಬುದರೊಳಗೆ ಬೂಟ್‌ಸ್ಟ್ರಾಪ್‌ಆರ್‌ಸಿ ಎಂಬ ಚಿಕ್ಕ ಕಡತವಿರುವುದು. ‘ಯೂಸರ್‌ಇನ್‌ಸ್ಟಲೇಷನ್’ ಎಂದು ಮೊದಲಾಗುವ ಸಾಲನ್ನು ತಿದ್ದಿ, ಏರ್ಪಾಡುಗಳು ಆ ಕೋಶದೊಳಗೇ ಉಳಿಯುವಂತೆ ಮಾಡಬೇಕು. ಒಂದು ಸಾಲಿನ ಕೆಲಸವಷ್ಟೆ, ಹುಡುಗನಿಂದಲೇ ಮಾಡಿಸಿರಿ. ಲೆಕ್ಕದ ಕಡತಗಳನ್ನು ಮಾತ್ರ ನಕಲು ಮಾಡಿದ ಹೊರತು ಹೊಸದರಲ್ಲಿ ತೆರೆಯಕೂಡದು.

ಇಷ್ಟೆಲ್ಲ ಉಪದ್ವ್ಯಾಪವೇಕೆಂದು ಗೃಹಿಣಿಯರು ಕೇಳಬಹುದು. ಕನ್ನಡಕ್ಕೋಸ್ಕರವೆಂದು ನಮ್ಮ ಉತ್ತರ. 2017ರ ಫೆಬ್ರವರಿಯಲ್ಲಿ ಹೊರಟ 5.3ನೆಯ ಆವೃತ್ತಿಯಿಂದೀಚೆಗೆ, ಯಾವ ಯಂತ್ರವ್ಯವಸ್ಥೆಯಲ್ಲಿಯಾದರೂ ಲಿಬ್ರೆಆಫೀಸಿನ ಅಕ್ಷರಜೋಡಣೆಯನ್ನು ಮಾಡುವುದು ಹಾರ್ಫ್‌ಬಜ್ ಎಂಬ ಒಂದೇ ಸಾಧನ. ಹೆಸರು ಬಾಯಿಗೆ ಒಗ್ಗದಿದ್ದರೂ, ನಾವು ಒತ್ತುವ ಪ್ರತಿಯೊಂದು ಒತ್ತಕ್ಷರವೂ ಅದರ ಕೈದಾಟಿಯೇ ಪರದೆಗೆ ಬರಬೇಕು. ಅಲ್ಲಿ ಎಳ್ಳಷ್ಟು ಬದಲಾದರೂ ‘ಕಾರ್ಯ’ದ ಅರ್ಕಾವತ್ತು ಸ್ಥಾನ ತಪ್ಪಬಹುದು, ‘ಲಕ್ಷ್ಮಿ’ಯ ಒತ್ತುಗಳು ಒಂದರ ಮೇಲೊಂದು ಬೀಳಬಹುದು. ಇಂಗ್ಲಿಷ್ ಮಾತ್ರ ಬಲ್ಲ ಪರೀಕ್ಷಕನ ಕಣ್ಣಿಗೆ ಅದು ತಪ್ಪೆಂದು ತೋರುವುದೇ ಇಲ್ಲ. ಬಿಡುಗಡೆಯಾದ ಬಳಿಕ ಕಚೇರಿಗಳಲ್ಲಿ, ಶಾಲೆಗಳಲ್ಲಿ ಅದೇ ವಕ್ರರೂಪವು ಅಚ್ಚಾಗಿ ಬಂದಾಗ ನಾವು ಗೊಣಗುವೆವು. ಮುಂಚೆ ನೋಡಬೇಕಾದವರು ಯಾರೆಂಬುದನ್ನು ಯೋಚಿಸುವುದಿಲ್ಲ.

ಬೂದಿಗೆರೆಯ ಹುಡುಗನು ತಾಯಿಯ ಲೆಕ್ಕದ ನಕಲನ್ನು ಎರಡು ಆವೃತ್ತಿಗಳಲ್ಲಿಯೂ ತೆರೆದು ಪಕ್ಕಪಕ್ಕದಲ್ಲಿರಿಸಿ ಓದಲಿ. ಕೂಲಿಯಾಳುಗಳ ಹೆಸರುಗಳು ಅಕಾರಾದಿಯಲ್ಲಿ ಸರಿಯಾಗಿ ನಿಲ್ಲುವುವೋ ನೋಡಲಿ. ದೋಷ ಕಂಡಲ್ಲಿ ಆವೃತ್ತಿಯ ಸಂಖ್ಯೆ, ಅಕ್ಷರಶೈಲಿಯ ಹೆಸರು, ತಪ್ಪಿದ ಪದ, ಸರಿಯಾದ ರೂಪದ ಚಿತ್ರ ಇವನ್ನು ಸಂಸ್ಥೆಯ ಬಗ್‌ಜಿಲ್ಲಾ ಎಂಬ ದೂರುಪುಸ್ತಕದಲ್ಲಿ ಇಂಗ್ಲಿಷಿನಲ್ಲಿ ದಾಖಲಿಸಬೇಕು. ಮನೆಯ ಲೆಕ್ಕವನ್ನೇ ಅಲ್ಲಿಗೆ ಲಗತ್ತಿಸಬಾರದು, ಅದು ಎಲ್ಲರೂ ಓದುವ ಪುಸ್ತಕ. ನಾಲ್ಕು ಪದಗಳ ಬೇರೆ ಕಡತ ಸಾಕು. ಕೆಲಸ ತೀರಿದ ಮೇಲೆ, ಬಿಚ್ಚಿಕೊಂಡಿದ್ದ ಕೋಶವನ್ನು ಅಳಿಸಿಬಿಟ್ಟರಾಯಿತು.